ಪಳಗಿದ ಕೈ

ಒಣಗಿದ ರೇಷ್ಮೆಗೂಡನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಸತ್ತ ಹುಳು ಗಲಗಲ ಅನ್ನುತ್ತದೆ. ಖಾಜಾ ಪೀರ್‌ನ ದಿನ ಶುರುವಾಗುತ್ತಿದ್ದದ್ದು ಆ ಸದ್ದಿನಿಂದ. ಶಿಡ್ಲಘಟ್ಟದಲ್ಲಿ ಷರೀಫ್ ಸಾಹೇಬರ ನೂಲು ತೆಗೆಯುವ ಶೆಡ್ಡಿನಲ್ಲಿ ಅವನು ಮೀಸೆ ಮೂಡುವ ಮೊದಲೇ ಕೆಲಸಕ್ಕೆ ಸೇರಿದವನು. ಬಾಣಲೆಯ ಕುದಿವ ನೀರಲ್ಲಿ ತೇಲುವ ಗೂಡುಗಳಿಂದ ಕಂಡೂ ಕಾಣದ ಎಳೆಗಳನ್ನು ಹುಡುಕಿ, ಒಂದಕ್ಕೊಂದು ಸೇರಿಸಿ, ರಾಟೆಗೆ ಕೊಡಬೇಕು. ತಲೆ ಬಗ್ಗಿಸಿ ಕೂತರೆ ಮಧ್ಯಾಹ್ನದ ನಮಾಜಿನವರೆಗೆ ಎತ್ತುವಂತಿಲ್ಲ.

ಹೊಸಬರ ಬೆರಳುಗಳಲ್ಲಿ ಬೊಬ್ಬೆ ಏಳುತ್ತವೆ, ಚರ್ಮ ಸುಲಿಯುತ್ತದೆ. ವರ್ಷಗಳು ಕಳೆದ ಮೇಲೆ ಬಿಸಿ ಅಷ್ಟಾಗಿ ತಾಗುವುದಿಲ್ಲ. ಕೈ ಪಳಗಿತು ಅನ್ನುತ್ತಾರೆ. ಹಾಗಾಗಿ ಎಂಬತ್ತಾರನೇ ಇಸವಿಯ ಸುಮಾರಿಗೆ ಖಾಜಾ ಪೀರ್‌ಗೆ ಕುದಿವ ನೀರಿನ ಸುಡುವಿಕೆಯೇ ತಿಳಿಯದೆ ಹೋದಾಗ ಯಾರಿಗೂ ಭಯವಾಗಲಿಲ್ಲ.

"ನೋಡ್ರಮ್ಮ, ಇದು ಕೈ ಅಂದ್ರೆ," ಎಂದು ಷರೀಫ್ ಹೊಸ ಹೆಂಗಸರನ್ನು ಕರೆದು ತೋರಿಸುತ್ತಿದ್ದರು.

"ಪೀರಣ್ಣಂದು ಕೈಯಲ್ಲ, ಸೌಟು," ಅನ್ನುತ್ತಿದ್ದಳು ಪಕ್ಕದ ಬಾಣಲೆಯ ಚಿಕ್ಕವೆಂಕಟಮ್ಮ. "ನಮ್ಮನೇಗೆ ಕಳಿಸ್ರಿ, ಸಾರು ತಿರುವಕ್ಕೆ ಬೇಕು."

ಅವನು ನಗುತ್ತಿದ್ದ. ಆ ಹೊಗಳಿಕೆ ಅವನಿಗೆ ಬೇಕಿತ್ತು.

ಆಮೇಲೆ ಎಳೆಗಳು ಹರಿದು ತುಂಡಾಗತೊಡಗಿದವು. ಬೆರಳಿಗೆ ಸಿಕ್ಕಿದ್ದು ಬೆರಳಲ್ಲಿ ನಿಲ್ಲುತ್ತಿರಲಿಲ್ಲ. "ಗೂಡೇ ಸರಿಯಿಲ್ಲ ಸಾಹೇಬ್ರೆ," ಅಂದ. ಅವನ ಮಾತನ್ನು ಎಂದೂ ಅನುಮಾನಿಸದ ಷರೀಫ್ ಗೂಡು ಕೊಡುವವರನ್ನೇ ಬದಲಾಯಿಸಿದರು. ತಲೆ ಬಗ್ಗಿಸಿದಾಗ ಕತ್ತಿನಿಂದ ಬೆನ್ನಗುಂಟ ಕಾಲಿನವರೆಗೆ ಕರೆಂಟು ಹೊಡೆದಂತಾಗುತ್ತಿತ್ತು. ಒದ್ದೆ ನೆಲ, ಹಳೆಯ ಮೋಟಾರು, ಶೆಡ್ಡಿನಲ್ಲಿ ಎಲ್ಲರಿಗೂ ಒಮ್ಮೊಮ್ಮೆ ಹೊಡೆಯುತ್ತಿತ್ತು. ಮಸೀದಿಯಲ್ಲಿ ಬಗ್ಗಿದಾಗಲೂ ಹೊಡೆದಾಗ, ಶೆಡ್ಡಿನ ಕರೆಂಟು ಮೈಯಲ್ಲಿ ಇನ್ನೂ ಉಳಿದಿರಬೇಕು ಅಂದುಕೊಂಡ.

ಅಂಗಿಯ ಗುಂಡಿ ಹಾಕಲು ಹೆಂಡತಿ ಷಮೀಮ್‌ಳನ್ನು ಕರೆಯತೊಡಗಿದ.

"ಇನ್ನೂ ಮದುಮಗ ಅಂದ್ಕೊಂಡಿದೀರಾ?" ಎಂದು ಅವಳು ರೇಗಿಸುತ್ತಿದ್ದಳು. ಆದರೂ ಗುಂಡಿ ಹಾಕುತ್ತಿದ್ದಳು, ನಿಧಾನವಾಗಿ, ಕೆಳಗಿನಿಂದ ಮೇಲಕ್ಕೆ. ಆ ಬೆಳಗುಗಳಲ್ಲಿ ಅವಳಿಗೆ ಎಷ್ಟು ಸಂತೋಷವಾಗಿತ್ತೋ, ಮುಂದೆ ನೆನೆದಾಗಲೆಲ್ಲ ಅಷ್ಟೇ ನೋಯಿತು.

ಒಂದು ಬೇಸಗೆಯ ಮಧ್ಯಾಹ್ನ ಊಟ ಮುಗಿಸಿ ಅವನು ಹೊರಟ. ಹಿಂದೆಯೇ ಬಾಗಿಲಿಗೆ ಬಂದ ಷಮೀಮ್ ಗಲ್ಲಿಯ ನಡುವೆ ಬಿದ್ದಿದ್ದ ಅವನ ಒಂದು ಚಪ್ಪಲಿ ಕಂಡು ನಕ್ಕಳು. ಅದನ್ನೆತ್ತಿಕೊಂಡು ಓಡಿದಳು. ತಿರುವಿನಲ್ಲಿ ಅವನು ಬರಿಗಾಲನ್ನು ಎಳೆದುಕೊಂಡು, ಅಮಲೇರಿದವನ ಹಾಗೆ ಕಾಲಗಲಿಸಿ ನಡೆಯುತ್ತಿದ್ದ.

"ಕಾಲು ಸುಡ್ತಿಲ್ವೇನ್ರೀ?"

ಅವನು ಬಗ್ಗಿ ತನ್ನ ಪಾದ ನೋಡಿಕೊಂಡ. ಅವಳ ನಗು ನಿಂತಿತು.

ಚಿಕ್ಕಬಳ್ಳಾಪುರದ ಡಾಕ್ಟರು ಕೈ ಮುಟ್ಟುವ ಮೊದಲು ನಡೆಸಿ ನೋಡಿದರು. ಮುಷ್ಟಿಯನ್ನು ಬೇಗ ಬೇಗ ಬಿಗಿದು ಬಿಚ್ಚಲು ಹೇಳಿದರು. ಆಗಲಿಲ್ಲ. ಮೊಣಕಾಲಿನ ಕೆಳಗೆ ಮೆಲ್ಲಗೆ ತಟ್ಟಿದರೆ ಕಾಲು ಒದ್ದಂತೆ ಚಿಮ್ಮಿತು.

"ಕುತ್ತಿಗೆ ನೋವಿದೆಯಾ?"

"ಅಷ್ಟೇನಿಲ್ಲ ಸಾರ್. ಬೆಳಿಗ್ಗೆ ಸ್ವಲ್ಪ ಬಿಗಿ."

"ಮೂತ್ರ ಬಂದ್ರೆ ತಡೆಯೋಕಾಗುತ್ತಾ?"

ಅವನು ಷಮೀಮ್ ಕಡೆ ನೋಡಿ ತಲೆ ತಗ್ಗಿಸಿದ. ಅದನ್ನು ಅವಳಿಗೂ ಹೇಳಿರಲಿಲ್ಲ.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಬೆನ್ನಿಗೆ ಔಷಧಿ ಚುಚ್ಚಿ ಎಕ್ಸ್‌ರೇ ತೆಗೆದರು. ಕುತ್ತಿಗೆಯ ಮೂಳೆಗಳ ನಡುವಿನಿಂದ ಕೈಕಾಲಿಗೆ ಇಳಿಯುವ ನರದ ಹುರಿಯನ್ನು ಸವೆದ ಮೂಳೆ ಒತ್ತುತ್ತಿತ್ತು. ಕುತ್ತಿಗೆ ಹೆಚ್ಚು ನೋಯದೆಯೂ ಹೀಗಾಗುತ್ತದೆ, ಕೈ ಮೊದಲು ಹೇಳುತ್ತದೆ, ಆಮೇಲೆ ಕಾಲು, ಎಂದರು ಅಲ್ಲಿನ ಡಾಕ್ಟರು. "ಆಪರೇಷನ್ ಮಾಡಿದರೆ ಇರೋದು ಉಳಿಯುತ್ತೆ. ಹೋಗಿರೋದು ಪೂರ್ತಿ ಬರೋದು ಕಷ್ಟ. ಕೈ ಜೋಮು ಹಿಡಿದಾಗಲೇ ಬರಬೇಕಿತ್ತು."

"ಆಗ ಎಲ್ಲರೂ ಹೊಗಳ್ತಿದ್ರು ಸಾರ್," ಅಂದಳು ಷಮೀಮ್.

ಆಪರೇಷನ್ ಆಯಿತು. ಮೂತ್ರದ ತೊಂದರೆ ಕಳೆಯಿತು. ಕೋಲು ಹಿಡಿದು ನಡೆಯುವಷ್ಟು ಕಾಲು ಉಳಿಯಿತು. ಬೆರಳುಗಳು ಮಾತ್ರ ಬೇರೆ ಯಾರದೋ ಎಂಬಂತೆ ಇದ್ದುಬಿಟ್ಟವು.

ತೊಂಬತ್ತನೇ ಇಸವಿಯಲ್ಲಿ ಷರೀಫ್ ಅವನನ್ನು ಶೆಡ್ಡಿಗೆ ಕರೆಸಿಕೊಂಡರು. ಬಾಗಿಲ ಬಳಿ ಕುರ್ಚಿ ಹಾಕಿಸಿದ್ದರು.

"ಬಾಣಲೆ ಹತ್ರ ಹೋಗೋದೇ ಬೇಡ ಖಾಜಾ ಭಾಯ್. ನೂಲು ಮುಟ್ಟಿ ನೋಡಿ, ಯಾವುದು ನಯ, ಯಾವುದು ಒರಟು, ಹೇಳ್ಬಿಡಿ. ಸಾಕು ನಂಗೆ." ಅವನ ಮಡಿಲಲ್ಲಿ ಒಂದು ನೂಲಿನ ಲಡಿ ಇಟ್ಟರು. "ಇದನ್ನೇ ಹೇಳಿ, ನೋಡಣ."

ಖಾಜಾ ಪೀರ್ ಬೆರಳಾಡಿಸಿದ. ಲಡಿ ಹೊಳೆಯುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. ಬೆರಳಿಗೆ ರೇಷ್ಮೆಯೂ ಒಂದೇ, ಮಡಿಲ ಲುಂಗಿಯೂ ಒಂದೇ. ಮತ್ತೊಮ್ಮೆ ಆಡಿಸಿದ. ಕೊನೆಗೆ ಲಡಿಯನ್ನೆತ್ತಿ ಕೆನ್ನೆಗೆ ಒತ್ತಿಕೊಂಡ. ಅಲ್ಲಿ ಅದು ತಣ್ಣಗೆ, ನಯವಾಗಿ ಇತ್ತು. ಬಾಣಲೆಗಳ ಮುಂದೆ ಕೂತವರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು.

"ತೊಂದ್ರೆ ಇಲ್ಲ, ನಿಧಾನಕ್ಕೆ ಹೇಳಿ," ಅಂದರು ಷರೀಫ್. "ನಿಮ್ಮಂಥ ಕೈ ಈ ಊರಲ್ಲೇ ಇನ್ನೊಂದಿರಲಿಲ್ಲ. ಅವತ್ತು ನಾನೇ ಒಂದು ಮಾತು, ಡಾಕ್ಟರಿಗೆ ತೋರಿಸಿ ಅಂತ..."

ಅವನು ಲಡಿಯನ್ನು ಕುರ್ಚಿಯ ಮೇಲಿಟ್ಟು, ಕೋಲು ಊರಿ ಎದ್ದ. ಷರೀಫ್ ಇನ್ನೂ ಹೇಳುತ್ತಲೇ ಇದ್ದರು. ಅವನು ಹೊಸಿಲನ್ನು ನೋಡಿಕೊಂಡು ದಾಟಿ, ಪ್ರತಿ ಹೆಜ್ಜೆಯನ್ನೂ ಕಣ್ಣಿಂದಲೇ ಇಡುತ್ತಾ, ಬೀದಿಗೆ ಇಳಿದು ನಡೆದ.