ಕಡಲಿಗೆ ಹಿಡಿದ ಕರಿಗಾಜು

ನನ್ನ ಕಪಾಟಿನಲ್ಲಿ, ಇಳಕಲ್ ಸೀರೆಯ ಹಳೆಯ ತುಂಡಿನಲ್ಲಿ ಸುತ್ತಿಟ್ಟ ಅಂಗೈಯಗಲದ ಕರಿಗಾಜೊಂದಿದೆ. ಕ್ಯಾಮೆರಾದ ಮುಂದೆ ಅದನ್ನು ಸಿಕ್ಕಿಸಿ ಗುಂಡಿ ಒತ್ತಿದರೆ ಚಿತ್ರ ಮೂಡಲು ಒಂದೆರಡು ನಿಮಿಷವೇ ಹಿಡಿಯುತ್ತದೆ. ಅಷ್ಟರಲ್ಲಿ ಅಬ್ಬರದ ಅಲೆಗಳೆಲ್ಲ ಕರಗಿ ಹಾಲಿನಂತಾಗುತ್ತವೆ, ಬಂಡೆಗಳು ಮಾತ್ರ ಉಳಿಯುತ್ತವೆ, ನಡುವೆ ಅಡ್ಡಾಡಿದ ಜನ ಅಲ್ಲಿ ಇರಲೇ ಇಲ್ಲವೆಂಬಂತೆ ಅಳಿಸಿಹೋಗುತ್ತಾರೆ. ಈ ಕೊನೆಯ ಗುಣಕ್ಕೇ ನಾನು ಮರುಳಾದೆನೆಂದರೆ, ಗೆಳೆಯರೇ, ನನ್ನನ್ನು ಮನುಷ್ಯದ್ವೇಷಿ ಎನ್ನಬೇಡಿ.

ಬಾಗಲಕೋಟೆಯ ಬಯಲಲ್ಲಿ ಬೆಳೆದ ನನಗೆ ಕಡಲೆಂಬುದು ಅರಬ್ ನಾಡಿನ ಬಂದರು ಊರಾದ ಸೂರ್‌ಗೆ ನೌಕರಿಗೆ ಬಂದ ಮೇಲೆ ಹತ್ತಿದ ಹುಚ್ಚು. ಮನೆಯೆದುರಿನ ಕಡಲು ಸಾಲದೆ, ವರ್ಷದ ರಜೆ ಸಿಕ್ಕಾಗಲೆಲ್ಲ ಹೆಂಡತಿ ಗಿರಿಜಾಳೊಡನೆ ಯುರೋಪಿಗೆ ಓಡುತ್ತಿದ್ದೆ: ಪೋರ್ಚುಗಲ್ಲಿನ ಹಳದಿ ಬಂಡೆಗಳು, ಐರ್ಲೆಂಡಿನ ಕಡಿದಾದ ದಂಡೆ, ನಾರ್ವೆಯಲ್ಲಿ ನೀರಿಗೇ ಇಳಿದು ನಿಂತ ಹಿಮಬೆಟ್ಟಗಳು. ಅವಳಿಗೋ ಒಂದೆಡೆ ನಿಂತು ಗೊತ್ತಿಲ್ಲ. ಚಿಪ್ಪು ಆರಿಸುತ್ತ, ಅಲೆಗೆ ಹೆದರಿ ಕಿರುಚುತ್ತ ನನ್ನ ಚೌಕಟ್ಟಿನೊಳಗೇ ಸುಳಿಯುವಳು. "ಸ್ವಲ್ಪ ಆಚೆ ಸರಿ" ಎನ್ನುತ್ತಿದ್ದೆ. ಸರಿಯದಿದ್ದರೆ ಗಾಜು ಇದ್ದೇ ಇತ್ತು.

ಈಗ ಮಗಳ ಓದಿಗಾಗಿ ಗಿರಿಜಾ ಧಾರವಾಡದಲ್ಲಿ ಮನೆ ಮಾಡಿದ್ದಾಳೆ. ಮೊನ್ನೆ ಫೋನಿನಲ್ಲಿ ಕೇಳಿದಳು: "ಅಲ್ರೀ, ಇಲ್ಲಿ ಗ್ವಾಡಿ ಖಾಲಿ ಐತಿ. ನಾ ಸಮುದ್ರದ ಮುಂದ ನಿಂತದ್ದು ಒಂದ ಫೋಟೋ ಕಳಸ್ರಿ."

ಅದೇನು ಮಹಾ ಎಂದುಕೊಂಡು ಶುಕ್ರವಾರವಿಡೀ ಹುಡುಕಿದೆ. ಸಾವಿರಾರು ಚಿತ್ರಗಳು, ಒಂದರಲ್ಲೂ ಅವಳಿಲ್ಲ. ಸೋಜಿಗವೆಂದರೆ, ಒಂದೊಂದು ದಂಡೆಯನ್ನು ನೋಡಿದಾಗಲೂ ನೆನಪಾದದ್ದು ಬಂಡೆಯಲ್ಲ. ಅಲ್ಲಿ ಚಳಿಗೆ ಮುದುಡಿ ಖಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೊಟ್ಟ ಅವಳ ಕೈ, ಗಾಳಿಗೆ ಹಾರಿದ ಓಢಣಿಯ ಹಿಂದೆ ಓಡಿದ ಅವಳ ನಗು. ಇಷ್ಟು ಚೆನ್ನಾಗಿ ನೆನಪಿರುವವಳನ್ನು ಇಷ್ಟು ಅಚ್ಚುಕಟ್ಟಾಗಿ ಅಳಿಸಿದ ನನ್ನ ಜಾಣತನಕ್ಕೆ ನಾಚಿಕೆಯಾಯಿತು, ಸಂಕಟವೂ ಆಯಿತು. ಸಂಜೆ ಫೋನು ಮಾಡಿದೆ.

"ಒಂದೂ ಇಲ್ಲ, ಗಿರಿಜಾ. ತಪ್ಪಾತು."

"ನನಗ ಗೊತ್ತಿತ್ತ ಬಿಡ್ರಿ" ಎಂದು ನಕ್ಕಳು. "ನಾ ತಗದದ್ದರ ನೋಡ್ರಿ."

ಅವಳ ಮೊಬೈಲಿನ ಚಿತ್ರಗಳು ಒಂದೊಂದಾಗಿ ಬಂದವು. ಎಲ್ಲದರಲ್ಲೂ ಕಡಲು ಓರೆಯಾಗಿ ವಾಲಿತ್ತು. ಅದರ ನಟ್ಟನಡುವೆ, ಕ್ಯಾಮೆರಾದ ಮೇಲೆ ಬಾಗಿದ ನನ್ನ ಬೆನ್ನು. ಪೋರ್ಚುಗಲ್ಲಿನಲ್ಲಿ ನೀಲಿ ಅಂಗಿ, ನಾರ್ವೆಯಲ್ಲಿ ದಪ್ಪ ಕೋಟು, ಬೆನ್ನು ಮಾತ್ರ ಅದೇ.

"ಎಲ್ಲಾ ಹಿಂದಿನಿಂದನ ತಗದೀಯಲ್ಲ?" ಎಂದೆ.

"ಮತ್ತೇನ ಮಾಡ್ಲಿ? ಪ್ರತಿ ಸಲಾನೂ ಫೋನ್ ಹಿಡಕೊಂಡು ಕಾಯ್ತಿದ್ದೆ. ನೀವು ಒಮ್ಮೆರ ಹೊಳ್ಳಿ ನೋಡ್ಲೇ ಇಲ್ಲ."