ಚಾಂದನಿಯ ಬಲಗಾಲು

ಇವತ್ತು ಬೆಳಿಗ್ಗೆ ಕುಕ್ಕರಿನಲ್ಲಿ ಹುರುಳಿ ಬೇಯುವಾಗ, ಆ ಮಣ್ಣುಮಣ್ಣು ವಾಸನೆಗೆ ಚಾಂದನಿ ನೆನಪಾದಳು. ಚಾಂದನಿ ಎಂದರೆ ಒಂದು ಬಿಳಿಯ ಹೆಣ್ಣು ಕುದುರೆ. ಕೂಕಟ್‌ಪಲ್ಲಿಯ ನಮ್ಮ ಹಳೆಯ ಬಾಡಿಗೆ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಅವಳನ್ನು ಸಾಕಿಕೊಂಡಿದ್ದವನು ಸಿಂದಗಿ ಕಡೆಯ ಸಿದ್ದಪ್ಪ. ಮೆರವಣಿಗೆಯಲ್ಲಿ ವರನನ್ನು ಹೊತ್ತು, ಮರ್ಫಾ ಡೋಲಿನ ಬಡಿತಕ್ಕೆ ಮುಂಗಾಲು ಒಂದೊಂದೇ ಎತ್ತಿ ಕುಣಿಯುವುದು ಅವಳ ಕಸುಬು. ನೀವು ಅಂಥವನ್ನು ನೋಡಿರಬಹುದು. ನನಗೋ ಕುದುರೆಯೆಂದರೆ ಪುಕುಪುಕು. ಹುರುಳಿ ಬೇಯಿಸಿ ಕೊಡುತ್ತಿದ್ದೆ, ಆದರೆ ಬಕೆಟ್ಟನ್ನು ದೂರದಲ್ಲೇ ಇಟ್ಟು ಓಡಿಬರುತ್ತಿದ್ದೆ.

ಒಂದು ಸಂಜೆ ಮದುವೆಗೆ ಹೊರಟಾಗ ಲಾರಿಯ ಹಾರ್ನಿಗೆ ಬೆದರಿ ಜಾರಿಬಿದ್ದಳು. ತಲೆ ಡಿವೈಡರಿನ ಅಂಚಿಗೆ ಬಡಿಯಿತು. ಬದುಕಿದಳೇನೋ ನಿಜ, ಎದ್ದು ನಿಂತಾಗ ಬಲ ಮುಂಗಾಲು ಬೇರೆ ಯಾರದೋ ಎಂಬಂತೆ ನೆಲಕ್ಕೆ ಜೋಲುತ್ತಿತ್ತು. ಮೂಳೆ ಮುರಿದಿಲ್ಲ, ಪೆಟ್ಟಾಗಿರುವುದು ಮೆದುಳಿಗೆ, ಬಾವು ಇಳಿದ ಮೇಲೆ ದಿನಾ ನಡೆಸಿ ನೋಡು ಎಂದರು ದನದ ಡಾಕ್ಟರು. ಕುಣಿತದ ಮಾತನ್ನು ಅವರು ಎತ್ತಲಿಲ್ಲ, ಸಿದ್ದಪ್ಪನೂ ಕೇಳಲಿಲ್ಲ.

ಅವನು ಕಟ್ಟಡದ ಕೆಲಸಕ್ಕೆ ಹೋಗತೊಡಗಿದ. ಹೋಗುವ ಮೊದಲು ನೆಲದ ಮೇಲೆ ಅಡ್ಡಡ್ಡ ಬಿದಿರು ಹಾಸಿ ಚಾಂದನಿಯನ್ನು ದಾಟಿಸುತ್ತಿದ್ದ. ಗೊರಸು ತಾಗಿ ಉರುಳಿದ ಬಿದಿರನ್ನು ಮತ್ತೆ ಜೋಡಿಸುವ ಕೆಲಸ ಹೇಗೋ ನನ್ನ ಪಾಲಿಗೆ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳು ಒಂದನ್ನೂ ತಾಗಿಸದೆ ದಾಟಿಬಿಟ್ಟಳು. ನಾನು ಚಪ್ಪಾಳೆ ತಟ್ಟಿದೆ. ಸಿದ್ದಪ್ಪ ನಗಲಿಲ್ಲ.

“ದಾಟಾಕತ್ತಾಳ್ರಿ ಅಕ್ಕಾರ, ಖರೆ. ಆದ್ರ ಕಾಲು ಎತ್ತವಲ್ಲಳು. ಭುಜದಿಂದ ಬೀಸಿ ಒಗ್ಯಾಕತ್ತಾಳ.”

ನೋಡಿದರೆ ಹೌದು. ಮೊಣಕಾಲು ಮಡಿಯುತ್ತಲೇ ಇರಲಿಲ್ಲ. ಇಡೀ ಕಾಲು ಹೊರಗಿನಿಂದ ಸುತ್ತು ಹಾಕಿ ಬರುತ್ತಿತ್ತು. ಹೇಗಾದರೂ ದಾಟಿದಳಲ್ಲ ಎಂದು ನಾನು ಸಮಾಧಾನ ಹೇಳಿದೆ. ಅವನು ಮರುದಿನ, ಕಾಲು ಬೀಸಲು ಜಾಗವಿಲ್ಲದೆ ಮೊಣಕಾಲು ಮಡಿಸಲೆಂದು, ಬಿದಿರುಗಳನ್ನು ಇನ್ನಷ್ಟು ಹತ್ತಿರ ಹತ್ತಿರ ಹಾಸಿದ.

ಕಾರ್ತಿಕದಲ್ಲಿ ಮದುವೆಗಳು ಶುರುವಾದವು. ಒಂದು ದಿನ ನಮ್ಮ ಗಲ್ಲಿಯಲ್ಲೇ ಮೆರವಣಿಗೆ ಬಂತು. ಚಾಂದನಿಯ ಕಿವಿ ನಿಮಿರಿತು. ಯಾರೂ ಹೇಳದೆ ಎಡಗಾಲು ಎತ್ತಿದಳು. ಆಮೇಲೆ ಬಲಗಾಲು, ತಡವಾಗಿ, ಗಿಡ್ಡವಾಗಿ, ಆದರೆ ಮೊಣಕಾಲು ಮಡಿಸಿ. ಸಿದ್ದಪ್ಪ ಹಗ್ಗದ ಗಂಟು ಸರಿಮಾಡುವ ನೆವದಲ್ಲಿ ಮುಖ ಆ ಕಡೆ ತಿರುಗಿಸಿದ. ಗಂಟು ಬಿಗಿಯುತ್ತಲೇ ಹೇಳಿದ:

“ಇನ್ನ ಮ್ಯಾಲೆ ಯಾರ್ನೂ ಕುಂದ್ರಸಂಗಿಲ್ರಿ. ಆಕಿಗೆ ಬೇಕನಿಸಿದ್ರ ಕುಣೀಲಿ.”

ಆ ಮನೆ ಬಿಟ್ಟು ನಾವು ಬಂದು ಕೆಲವು ವರ್ಷಗಳಾದವು. ಇವತ್ತು ತಡೆಯಲಾರದೆ ಸಿದ್ದಪ್ಪನಿಗೆ ಫೋನು ಮಾಡಿದೆ; ಸಂಜೆ ಬಾಲಾನಗರದ ಒಂದು ಮದುವೆಗೆ ಚಾಂದನಿಯನ್ನು ಕರೆದೊಯ್ಯುತ್ತೇನೆ ಎಂದ. ಕರೆಯದ ಮದುವೆಗೆ ಹೋಗಿ ಫುಟ್‌ಪಾತಿನ ಮೇಲೆ ನಿಂತೆ. ವರ ಕಾರಿನಲ್ಲಿದ್ದ. ಕಾರಿನ ಮುಂದೆ ಚಾಂದನಿ, ಬೆನ್ನ ಮೇಲೆ ಜರಿಯ ವಸ್ತ್ರ ಮಾತ್ರ. ಮೊದಲು ಹೇಗೆ ಕುಣಿಯುತ್ತಿದ್ದಳೆಂದು ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಎಡಗಾಲು ಎದ್ದಿತು, ಇಳಿಯಿತು. ಮರ್ಫಾದವನು ಕೋಲು ಮೇಲೆತ್ತಿ ತುಸು ತಡೆದ. ಬಲಗಾಲು ಎದ್ದ ಮೇಲೆಯೇ ಪೆಟ್ಟು ಬಿತ್ತು.