ಬ್ಯಾಂಡ್ ಕೇಳಿದರೆ ಹೊಟ್ಟೆ ಕೆಡುವ ಕುದುರೆ

ನನ್ನ ಸೋದರಮಾವನಿಗೆ ಮಾರ್ಕೆಟ್ ಯಾರ್ಡಿನ ಹತ್ತಿರ ಹಿಂಡಿ, ಬೂಸಾ ಮಾರುವ ಅಂಗಡಿ. ದಿನವಿಡೀ ಮೇವು ತೂಗುವ ತನ್ನ ಮನೆಯಲ್ಲೇ ಮೇಯುವವರು ಯಾರೂ ಇಲ್ಲ ಎನ್ನುವುದು ಅವನ ಬಹಳ ದಿನದ ಕೊರಗು. ಕಡೆಗೊಮ್ಮೆ ಸೋಲಾಪುರದ ಕಡೆಯ ಗೆಳೆಯನ ತೋಟದಿಂದ ಬಿಳಿಯ ಹೆಣ್ಣುಕುದುರೆಯೊಂದನ್ನು ತಂದು ಹಿತ್ತಲ ಶೆಡ್ಡಿನಲ್ಲಿ ಕಟ್ಟಿದ. ಮದುವೆ ಮೆರವಣಿಗೆಗಳಿಗೆ ಕಳಿಸಿದರೆ ತನ್ನ ಮೇವು ತಾನೇ ದುಡಿದುಕೊಳ್ಳುತ್ತದೆ ಎಂದು ಅತ್ತೆಗೆ ವಿವರಿಸಿದ.

"ನೀವು ದುಡದಂಗ ದುಡದ್ರ ಮುಗದs ಹೋತು" ಎಂದಳು ಅತ್ತೆ. ಆದರೆ ಕೆಲವೇ ದಿನಗಳಲ್ಲಿ ಅದರ ಜೂಲಿಗೆ ಕೊಬ್ಬರಿ ಎಣ್ಣೆ ಹಚ್ಚಿ ಬಾಚುತ್ತ ಕೂತವಳೂ ಅವಳೇ.

ನಾನು ಆಗ ಅವರ ಮನೆಯಲ್ಲೇ ಇದ್ದು ಆಫೀಸಿಗೆ ಹೋಗುತ್ತಿದ್ದೆ. ಹಾಗಾಗಿ ಮೊದಲ ಮೆರವಣಿಗೆಗೆ ನಾನೂ ಹೊರಡಬೇಕಾಯಿತು. ಮದುಮಗ ಕ್ಯಾಂಪ್ ಬಡಾವಣೆಯಲ್ಲಿ ಹೋಟೆಲ್ ನಡೆಸುವ ಕರಾವಳಿಯವರ ಹುಡುಗ, ಹುಡುಗಿ ಮರಾಠಿ. ಹುಡುಗ ಕುದುರೆಯ ಮೇಲೇ ಬರಬೇಕೆಂದು ಅವಳ ಹಟ. ಶಕ್ತಿ ಬರಲಿ ಎಂದು ಮಾವ ಬೆಳಿಗ್ಗೆ ಕುದುರೆಗೆ ನೆನೆಸಿದ ಕಡಲೆ, ಮೇಲೊಂದಿಷ್ಟು ಬೆಲ್ಲ ತಿನ್ನಿಸಿದ್ದ.

ಗಲ್ಲಿ ಇಕ್ಕಟ್ಟಾಗಿದ್ದರಿಂದ ಬ್ಯಾಂಡಿನವರು ಕುದುರೆಯ ಹಿಂದೆ ನಿಂತರು. ತುತ್ತೂರಿ ಮೊಳಗಿತು. ಕುದುರೆಯ ಕಿವಿ ಹಿಂದಕ್ಕೆ ಹೋಯಿತು, ಬಾಲ ಮೇಲಕ್ಕೆ ಹೋಯಿತು. ಮುಂದಿನದನ್ನು ತುತ್ತೂರಿಯವನ ಬಿಳಿ ಪ್ಯಾಂಟು ಅನುಭವಿಸಿತು. ಪಾಪ, ಬೆದರಿದ ಪ್ರಾಣಿ ಹೆಜ್ಜೆಗೊಮ್ಮೆ ನಿಲ್ಲುವುದು, ನಿಂತಾಗಲೊಮ್ಮೆ ನೀರಿನಂತೆ ಸುರಿಸುವುದು.

"ಎಂತ ಆಯ್ತು ಮಾರಾಯ್ರೆ? ನಾನು ಇಳಿಯುದಾ ಬೇಡ್ವಾ?" ಎಂದು ಮದುಮಗ ಮೇಲಿನಿಂದ ಕೇಳಿದ.

"ಕೂಡ್ರಿ, ಕೂಡ್ರಿ. ಶುಭ ಶಕುನ ಅದರಿ ಇದು!" ಎಂದ ಮಾವ. ನಾನು ಅಲಂಕಾರದ ಹೂವಿನ ಬುಟ್ಟಿ ಖಾಲಿ ಮಾಡಿಕೊಂಡು ಶಕುನವನ್ನು ಬಾಚುತ್ತ ಹಿಂದೆ ಹಿಂದೆ ನಡೆದೆ. ಆಮೇಲೆ ಬ್ಯಾಂಡಿನವರು ನಮ್ಮಿಂದ ಅದೆಷ್ಟು ದೂರ ಉಳಿದರೆಂದರೆ, ಮಂಟಪಕ್ಕೆ ನಾವು ಮುಟ್ಟಿದಾಗ ಅವರು ಬೇರೆ ಯಾರದೋ ಮದುವೆಯವರಂತೆ ಕಾಣುತ್ತಿದ್ದರು.

ಮರುದಿನ ಪಶುವೈದ್ಯೆ ಬಂದು ಹೊಟ್ಟೆ, ಒಸಡು, ಮೈಕಾವು ಎಲ್ಲ ಪರೀಕ್ಷಿಸಿದರು. ಕುದುರೆ ಮನೆಗೆ ಬಂದ ಮೇಲೆ ಲದ್ದಿ ಗಟ್ಟಿಯಾಗಿತ್ತು, ಮೇವೂ ತಿಂದಿತ್ತು. ರೋಗವಲ್ಲ, ಹೆದರಿಕೆ ಎಂದರು. ಮೆರವಣಿಗೆಗೆ ಹೊರಡುವ ದಿನ ಹೊಸದೇನೂ ತಿನ್ನಿಸಬೇಡಿ, ದಿನದ ಒಣಹುಲ್ಲೇ ಇರಲಿ, ಕುಡಿಯಲು ಮನೆಯ ನೀರನ್ನೇ ಒಯ್ಯಿರಿ, ಗದ್ದಲವನ್ನು ಸ್ವಲ್ಪಸ್ವಲ್ಪವೇ ರೂಢಿ ಮಾಡಿಸಿ, ಅದಕ್ಕೆ ಸಲುಗೆ ಇರುವವರು ಪಕ್ಕದಲ್ಲಿರಲಿ. ಮನೆಗೆ ಬಂದ ಮೇಲೂ ಭೇದಿ ನಿಲ್ಲದಿದ್ದರೆ ತಡಮಾಡದೆ ನನ್ನನ್ನು ಕರೆಯಿರಿ ಎಂದರು.

"ನಾ ಅದನ್ನs ಹೇಳಾಕತ್ತಿದ್ದೆ. ಅಕಿಗೆ ಅಂಜಿಕಿ ಆಗೇದ" ಎಂದಳು ಅತ್ತೆ, ಅಲ್ಲಿಯವರೆಗೆ ಏನೂ ಹೇಳಿರದಿದ್ದರೂ.

ರೂಢಿ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಕುದುರೆ ಹುಲ್ಲು ತಿನ್ನುವಾಗ ದೂರದಲ್ಲಿ ಕೂತು ಮೊಬೈಲಿನಲ್ಲಿ ಮೆಲ್ಲಗೆ ಬ್ಯಾಂಡ್ ಹಾಕುವುದು, ಅದು ಕಿವಿ ನೆಟ್ಟಗೆ ಮಾಡಿದರೆ ನಿಲ್ಲಿಸುವುದು, ಮತ್ತೆ ಹಾಕುವುದು. ದಿನಾ ಸಂಜೆ ಮದುವೆಯ ಹಾಡು ಕೇಳಿ ಪಕ್ಕದ ಮನೆಯ ಮರಾಠಿ ಅಜ್ಜಿ ಕಾಂಪೌಂಡಿನಾಚೆಯಿಂದ, ಯಾರ ಮದುವೆ ಎಂದು ವಿಚಾರಿಸಿದಳು: "ಕೋಣಾಚಂ ಲಗ್ನ?"

"ಕೋಣಂದಲ್ರಿ, ಕುದುರಿದು!" ಎಂದು ಮಾವ ಕನ್ನಡದಲ್ಲೇ ಕೂಗಿ ಒಬ್ಬನೇ ನಕ್ಕ. ಅಜ್ಜಿಗೆ ಏನು ಅರ್ಥವಾಯಿತೋ, ನನ್ನ ಮದುವೆ ಗೊತ್ತಾಗಿದೆ ಎಂದು ಗಲ್ಲಿಯೆಲ್ಲ ಸುದ್ದಿಯಾಯಿತು.

ಸಲುಗೆಯವರೆಂದರೆ ಅತ್ತೆಯೇ. ಮುಂದಿನ ಮೆರವಣಿಗೆಗೆ ಅವಳು ಇಳಕಲ್ ಸೀರೆ ಉಟ್ಟು, ಕುದುರೆಯ ಕುತ್ತಿಗೆಯ ಮೇಲೆ ಕೈಯಿಟ್ಟು, "ಏನಿಲ್ಲವ್ವಾ, ಏನಿಲ್ಲ" ಎನ್ನುತ್ತ ನಡೆದಳು. ಈ ಸಲ ಬ್ಯಾಂಡು ಮುಂದೆ, ಬಹಳ ಮುಂದೆ. ಮೊದಲು ಟೆಂಪೋದಿಂದ ಇಳಿಯುವಾಗ ಕುದುರೆ ಒಮ್ಮೆ ತೆಳ್ಳಗೆ ಹಾಕಿತು. ಆಮೇಲೆ ಸುಮ್ಮನಾಯಿತು.

ತೊಂದರೆಯಾದದ್ದು ಮಂಟಪದ ಬಾಗಿಲಲ್ಲಿ. ಮದುಮಗನ ಪಕ್ಕದಲ್ಲೇ ಇಷ್ಟು ಗತ್ತಿನಿಂದ ಬರುವವಳು ಗಂಡಿನ ಸೋದರತ್ತೆಯೋ ದೊಡ್ಡಮ್ಮನೋ ಇರಬೇಕೆಂದುಕೊಂಡ ಹುಡುಗಿಯ ತಾಯಿ ಅವಳಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ, ರವಿಕೆಯ ಖಣ ಹಾಕಿ ಉಡಿ ತುಂಬಿದರು. ತಾನು ಅವರಲ್ಲ ಎಂದು ಅತ್ತೆ ಹೇಳಲು ಬಾಯಿ ತೆರೆಯುವುದರೊಳಗೆ ಇಬ್ಬರು ಹೆಂಗಸರು ಅವಳ ಕೈ ಹಿಡಿದು ಒಳಗೆ ಕರೆದೊಯ್ದರು. ಅತ್ತೆ ಹೋದತ್ತ ಕುದುರೆ ಹೊರಟಿತು. ಲಗಾಮು ಹಿಡಿದ ಮಾವ ಅದರ ಹಿಂದೆ ಎಳೆಸಿಕೊಂಡು ಹೋದ. ಇಳಿಯಲು ಪುರುಸೊತ್ತು ಸಿಗದ ಮದುಮಗ, ಬಾಗಿಲ ಹೂಮಾಲೆಯಲ್ಲಿ ಫೇಟಾ ಸಿಕ್ಕಿಸಿಕೊಂಡು, ಬರಿದಲೆಯಲ್ಲಿ ವೇದಿಕೆಯವರೆಗೆ ಬಂದ.

ಜನ ಎದ್ದು ನಿಂತು ಮೊಬೈಲಿನಲ್ಲಿ ವಿಡಿಯೋ ತೆಗೆಯತೊಡಗಿದರು. ನಾನು ನೆಲಕ್ಕೆ ಹಾಸಿದ ಗಾಲೀಚವನ್ನೇ ನೋಡುತ್ತ ಬುಟ್ಟಿ ಹಿಡಿದು ನಿಂತೆ. ಕುದುರೆ ಅತ್ತೆಯ ಹೆಗಲಿಗೆ ಮೂಗು ಒರೆಸಿ, ಉದ್ದನೆಯ ಉಸಿರು ಬಿಟ್ಟಿತು. ಅಷ್ಟೇ.

"ಗಾಲೀಚಾ ಸ್ವಚ್ಛ ಅದ ನೋಡ್ರಿ!" ಎಂದ ಮಾವ ಹೆಮ್ಮೆಯಿಂದ, ಯಾರೂ ಕೇಳದಿದ್ದರೂ.

ತಾನು ಯಾರೆಂದು ಹೇಳಿ ಅತ್ತೆ ಉಡಿ ತುಂಬಿದ್ದನ್ನು ವಾಪಸ್ ಕೊಡಹೋದಳು. ಹುಡುಗಿಯ ತಾಯಿ ನಗು ತಡೆಯಲಾರದೆ ಬೇಡ ಬೇಡ ಎಂದು ಕೈಯಾಡಿಸಿದರು. ಆಮೇಲೆ ಅವಳನ್ನು ಬೀಗರ ಪಂಕ್ತಿಯಲ್ಲೇ ಊಟಕ್ಕೆ ಕೂಡ್ರಿಸಿದರು.

ಆ ವಿಡಿಯೋ ಎಷ್ಟು ಮೊಬೈಲುಗಳಿಗೆ ಹೋಯಿತೋ ಗೊತ್ತಿಲ್ಲ. ಈಗ ಮೆರವಣಿಗೆಗೆಂದು ಫೋನ್ ಮಾಡುವವರು ಕುದುರೆಯ ಬಗ್ಗೆ ಏನೂ ವಿಚಾರಿಸುವುದಿಲ್ಲ. ಆ ದಿನ ಇಳಕಲ್ ಸೀರೆಯ ಕಾಕೂಗೆ ಬಿಡುವಿದೆಯೇ ಎಂದು ಕೇಳುತ್ತಾರೆ. ಮಾವ ಮುಖ ಗಂಟಿಕ್ಕಿ ಫೋನನ್ನು ಒಳಗೆ ಕೊಡುತ್ತಾನೆ.